ತಿಥಿ ತಿಳಿಯದವರ ನೆನಪಿಗೆ

ಯಹೂದಿ ಮನೆಯಲ್ಲಿ ತಂದೆಯೋ ತಾಯಿಯೋ ತೀರಿಕೊಂಡರೆ ಆ ದಿನವನ್ನು ತಮ್ಮ ಪಂಚಾಂಗದ ಪ್ರಕಾರ ಬರೆದಿಟ್ಟುಕೊಳ್ಳುತ್ತಾರೆ. ಪ್ರತಿವರ್ಷ ಆ ತಿಥಿ ಬಂದಾಗ, ಹಿಂದಿನ ಸಂಜೆ ಹೊತ್ತು ಮುಳುಗುವ ವೇಳೆಗೆ, ಇಪ್ಪತ್ತನಾಲ್ಕು ಗಂಟೆ ಉರಿಯುವ ಒಂದು ಮೇಣದ ದೀಪ ಹಚ್ಚುತ್ತಾರೆ. ಮಕ್ಕಳು ತಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಹೋಗಿ ಕಡ್ಡಿಶ್ ಹೇಳುತ್ತಾರೆ. ಆ ಪ್ರಾರ್ಥನೆಯಲ್ಲಿ ಸಾವಿನ ಮಾತು ಎಲ್ಲಿಯೂ ಬರುವುದಿಲ್ಲ, ಇರುವುದೆಲ್ಲ ದೇವರ ಸ್ತುತಿ. ಅದನ್ನು ಒಬ್ಬರೇ ಕೂತು ಹೇಳುವಂತೆಯೂ ಇಲ್ಲ, ಹತ್ತು ಜನ ಸೇರಲೇಬೇಕು. ದುಃಖದಲ್ಲಿರುವವನು ಮನೆಯ ಮೂಲೆ ಹಿಡಿದು ಕೂರದೆ ನಾಲ್ಕು ಜನರ ನಡುವೆ ಬಂದು ನಿಲ್ಲಲೆಂದೇ ಈ ಕಟ್ಟಳೆ ಮಾಡಿರಬೇಕು ಎಂದು ನನಗೆ ಯಾವಾಗಲೂ ಅನ್ನಿಸಿದೆ.

1945ರಲ್ಲಿ ಯುದ್ಧ ಮುಗಿದಾಗ ಯುರೋಪಿನಲ್ಲಿ ಬದುಕಿ ಉಳಿದ ಯಹೂದಿಗಳ ಮುಂದೆ ಒಂದು ಪ್ರಶ್ನೆ ನಿಂತಿತು. ನಾಜಿಗಳು ಕೊಂದದ್ದು ಸುಮಾರು 60 ಲಕ್ಷ ಜನರನ್ನು. ಕಾಡಿನ ಅಂಚಿನ ಹೊಂಡಗಳಲ್ಲಿ, ಗ್ಯಾಸ್ ಕೋಣೆಗಳಲ್ಲಿ, ಬೀಗ ಜಡಿದ ರೈಲು ಡಬ್ಬಿಗಳಲ್ಲಿ ಸತ್ತವರು ಯಾವ ದಿನ ಸತ್ತರು ಎಂದು ಹೇಳುವವರು ಯಾರು? ಅಮ್ಮನ ದೀಪ ಯಾವತ್ತು ಹಚ್ಚಬೇಕು? ಕೆಲವರು ತಮ್ಮ ಊರಿನ ಘೆಟ್ಟೋ, ಅಂದರೆ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ, ಬರಿದಾದ ದಿನವನ್ನೇ ಇಡೀ ಊರಿನ ತಿಥಿ ಮಾಡಿಕೊಂಡರು. ಇಸ್ರೇಲಿನ ಮುಖ್ಯ ರಬ್ಬಿಗಳು (ಧರ್ಮಗುರುಗಳು) 1940ರ ದಶಕದ ಕೊನೆಯಲ್ಲಿ ತೇವೇತ್ ತಿಂಗಳ ಹತ್ತನೆಯ ದಿನವನ್ನು ಎಲ್ಲರಿಗೂ ಸೇರಿದ ಕಡ್ಡಿಶ್ ದಿನವೆಂದು ಗೊತ್ತುಮಾಡಿದರು. ಬಾಬಿಲೋನಿನ ದೊರೆ ಜೆರುಸಲೇಮಿಗೆ ಮುತ್ತಿಗೆ ಹಾಕಿದ ದಿನ ಅದು, ಮೊದಲಿಂದಲೂ ಉಪವಾಸದ ದಿನ. ತಿಥಿ ಗೊತ್ತಿಲ್ಲದವರೆಲ್ಲರಿಗೂ ಅಂದು ಕಡ್ಡಿಶ್. ಇದನ್ನು ಮೊದಲ ಸಲ ಓದಿದಾಗ ನನಗೆ ಮಹಾಲಯ ಅಮಾವಾಸ್ಯೆ ನೆನಪಾಯಿತು. ದಿನ ತಿಳಿಯದವರಿಗೆ, ಯಾರೂ ಇಲ್ಲದವರಿಗೆ, ಹೆಸರು ಮರೆತುಹೋದವರಿಗೆ ಎಳ್ಳು ನೀರು ಬಿಡುವ ಆ ದಿನದ ಅರ್ಥ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ನಮ್ಮ ಕನ್ನಡ ಸಂಘದ ಪತ್ರಿಕೆಯ ಯುಗಾದಿ ಸಂಚಿಕೆಯಲ್ಲಿ ಯಹೂದಿ ದಿನಗಳ ಮಾತು ಯಾಕೆ ಎಂದು ಕೇಳಬಹುದು. ಅದಕ್ಕೊಂದು ಪಂಚಾಂಗದ ಕಾರಣವಿದೆ. ಅವರದೂ ನಮ್ಮ ಹಾಗೆ ಚಂದ್ರನ ತಿಂಗಳು, ಸೂರ್ಯನ ವರ್ಷ. ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕ ಮಾಸ. ಅವರ ಪೂರ್ವಜರು ಐಗುಪ್ತದ, ಅಂದರೆ ಈಜಿಪ್ಟಿನ, ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆಯಲ್ಲಿ ತಿಂಗಳುಗಳಲ್ಲೆಲ್ಲ ಮೊದಲನೆಯದು ಎಂದು ಕರೆಸಿಕೊಂಡ ನಿಸಾನ್, ಅಮಾವಾಸ್ಯೆ ಕಳೆದು ವಸಂತದ ಚಂದ್ರನೊಂದಿಗೆ ಶುರುವಾಗುತ್ತದೆ. 2024ರ ಏಪ್ರಿಲ್ 9, 2025ರ ಮಾರ್ಚ್ 30, 2026ರ ಮಾರ್ಚ್ 19: ಮೂರು ವರ್ಷವೂ ನಮ್ಮ ಯುಗಾದಿಯ ದಿನವೇ ನಿಸಾನ್‌ನ ಮೊದಲ ದಿನ. ಅಧಿಕ ಮಾಸದ ಲೆಕ್ಕ ಹೊಂದದಿದ್ದರೆ ಒಂದು ತಿಂಗಳು ಹಿಂದುಮುಂದಾಗುತ್ತದೆ, 2021ರಲ್ಲಿ ಹಾಗಾಗಿತ್ತು. ನಾವು ಬೇವುಬೆಲ್ಲ ತಿಂದು ಹದಿನಾಲ್ಕನೆಯ ಸಂಜೆಗೆ ಪಕ್ಕದ ಮನೆಯಲ್ಲಿ ಆ ಬಿಡುಗಡೆಯ ನೆನಪಿನ ಪಾಸೋವರ್ ಊಟಕ್ಕೆ ಎಲ್ಲರೂ ಕೂರುತ್ತಾರೆ. ಕನ್ನಡ ಬೈಬಲ್ ಓದಿದವರಿಗೆ ಇದು ಪಸ್ಕ ಹಬ್ಬವೆಂದು ಗೊತ್ತು. ಅದು ಮುಗಿದು ವಾರ ಕಳೆಯುವಷ್ಟರಲ್ಲಿ, ನಿಸಾನ್ 27ಕ್ಕೆ, ಹತ್ಯಾಕಾಂಡದ ಸ್ಮರಣೆಯ ದಿನ ಯೋಮ್ ಹಶೋವಾ.

ಆ ದಿನ ಹೇಗೆ ಗೊತ್ತಾಯಿತು ಎನ್ನುವುದು ತಿಳಿಯಬೇಕಾದ ಸಂಗತಿ. 1943ರ ಏಪ್ರಿಲ್ 19, ಪಾಸೋವರ್ ಹಬ್ಬದ ಹಿಂದಿನ ದಿನ. ಪೋಲೆಂಡಿನ ವಾರ್ಸಾ ಘೆಟ್ಟೋದಲ್ಲಿ ಉಳಿದಿದ್ದವರನ್ನು ಸಾಗಿಸಲು ಜರ್ಮನ್ ಪಡೆ ಒಳಗೆ ಬಂತು. ಕೈಗೆ ಸಿಕ್ಕಿದ್ದ ಕೆಲವೇ ಆಯುಧಗಳೊಂದಿಗೆ ತರುಣ ತರುಣಿಯರು ಎದುರು ನಿಂತರು. ಆ ದಿನವನ್ನೇ ಸ್ಮರಣೆಯ ದಿನ ಮಾಡೋಣವೆಂದರೆ ಹಬ್ಬದ ಮುನ್ನಾದಿನ ಶೋಕ ಕೂಡದೆಂದು ರಬ್ಬಿಗಳು ಒಪ್ಪಲಿಲ್ಲ. ಹೋರಾಟ ವಾರಗಟ್ಟಲೆ ನಡೆದಿದ್ದರಿಂದ 27ನೆಯ ದಿನವೂ ಅದರೊಳಗೇ ಬರುತ್ತದೆ. 1951ರಲ್ಲಿ ಇಸ್ರೇಲಿನ ಸಂಸತ್ತು ಅದನ್ನೇ ಆರಿಸಿತು, 1959ರಲ್ಲಿ ಕಾನೂನು ಮಾಡಿತು. ಆಗಿನ್ನೂ ಎಳೆಯ ದೇಶ. ಎದೆಯೊಡ್ಡಿ ಹೋರಾಡಿದವರನ್ನು ಮುಂದೆ ತರುವ ಆಸೆ ಅದಕ್ಕಿತ್ತು. ಆಯುಧ ಹಿಡಿಯದೆ, ಮಗುವಿನ ಕೈ ಹಿಡಿದು ನಡೆದುಹೋದ ಲಕ್ಷಾಂತರ ಜನರ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. 1961ರಲ್ಲಿ ಜೆರುಸಲೇಮಿನಲ್ಲಿ, ಯಹೂದಿಗಳ ಸಾಗಾಟವನ್ನು ನಡೆಸಿದ್ದ ನಾಜಿ ಅಧಿಕಾರಿ ಐಖ್‌ಮನ್ ವಿಚಾರಣೆ ನಡೆದಾಗ ನೂರಕ್ಕೂ ಹೆಚ್ಚು ಸಾಕ್ಷಿಗಳು ಕಟಕಟೆಯಲ್ಲಿ ನಿಂತು ತಮಗಾದದ್ದನ್ನು ಹೇಳಿದರು. ಜನ ಮನೆಮನೆಯಲ್ಲಿ ರೇಡಿಯೋ ಸುತ್ತ ಕೂತು ಕೇಳಿದರು. ಪಕ್ಕದ ಮನೆಯ ಹೆಂಗಸಿನ ತೋಳಿನ ಮೇಲೆ ಹಚ್ಚೆ ಹಾಕಿದ ನಂಬರು ಯಾಕಿದೆ ಎಂದು ಅನೇಕ ಮಕ್ಕಳಿಗೆ ತಿಳಿದದ್ದು ಆಗಲೇ.

ಈಗ ಆ ದಿನ ಬೆಳಿಗ್ಗೆ ಹತ್ತಕ್ಕೆ ದೇಶದ ತುಂಬ ಸೈರನ್ ಕೂಗುತ್ತದೆ. ಹೆದ್ದಾರಿಯಲ್ಲಿ ಹೋಗುವ ಕಾರುಗಳು ನಡುರಸ್ತೆಯಲ್ಲೇ ನಿಲ್ಲುತ್ತವೆ, ಒಳಗಿದ್ದವರು ಇಳಿದು ತಲೆ ತಗ್ಗಿಸಿ ನಿಲ್ಲುತ್ತಾರೆ. ಎರಡು ನಿಮಿಷ. ಕಟ್ಟಾ ಸಂಪ್ರದಾಯದ ಕೆಲವರು ನಿಲ್ಲುವುದಿಲ್ಲ. ನಿಸಾನ್ ತಿಂಗಳು ಶೋಕಕ್ಕಲ್ಲ, ಅಳುವುದಕ್ಕೆ ಆವ್ ತಿಂಗಳ ಒಂಬತ್ತನೆಯ ದಿನ ಇದ್ದೇ ಇದೆ ಎಂಬುದು ಅವರ ವಾದ. ಎರಡು ದೇವಾಲಯಗಳೂ ನಾಶವಾದವೆಂದು ನಂಬುವ ದಿನ ಅದು: ಮೊದಲನೆಯದು ಕ್ರಿಸ್ತಪೂರ್ವ 586ರಲ್ಲಿ ಬಾಬಿಲೋನಿನವರಿಂದ, ಎರಡನೆಯದು ಕ್ರಿಸ್ತಶಕ 70ರಲ್ಲಿ ರೋಮನ್ನರಿಂದ. ಅಂದು ಚಪ್ಪಲಿ ಚರ್ಮದ್ದಿರಬಾರದು, ಕೂರುವುದು ನೆಲದ ಮೇಲೆ, ಓದುವುದು ಪ್ರಲಾಪಗಳ ಪುಸ್ತಕ. ಎರಡು ಸಾವಿರ ವರ್ಷಗಳ ಹಿಂದೆ ಬಿದ್ದ ಗೋಡೆಗೆ ಇವತ್ತಿಗೂ ಹಸಿದುಕೊಂಡು ಅಳುವ ಜನ ಇವರು.

ವಿಶ್ವಸಂಸ್ಥೆ 2005ರಲ್ಲಿ ಗೊತ್ತುಮಾಡಿದ ಜನವರಿ 27 ಬೇರೆಯದು. 1945ರಲ್ಲಿ ಸೋವಿಯತ್ ಸೇನೆ ನಾಜಿಗಳ ಆಶ್‌ವಿಟ್ಸ್ ಶಿಬಿರವನ್ನು ತಲುಪಿದ ದಿನ ಅದು. ಜಗತ್ತಿಗೆ ಹೊರಗಿನಿಂದ ಕಂಡ ದಿನವೆನ್ನಬಹುದು. ಶಾಲೆಗಳಲ್ಲಿ, ಸಂಸತ್ತುಗಳಲ್ಲಿ ಭಾಷಣಗಳಾಗುತ್ತವೆ, ಆಗಲೂ ಬೇಕು.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಪಾಸೋವರ್‌ನ ಸಂಜೆಯ ಮೇಲೆ. ನಮ್ಮ ಬೀದಿಯ ಹಿರಿಯ ದಂಪತಿಗಳೊಬ್ಬರು ನಮ್ಮ ಮನೆಯವರನ್ನೆಲ್ಲ ಸೆಡೆರ್ ಊಟಕ್ಕೆ ಕರೆದಾಗ ನಾನು ಹಬ್ಬದೂಟವೆಂದುಕೊಂಡು ಹೋದೆ. ಊಟ ಬಂದದ್ದು ಬಹಳ ಹೊತ್ತಿನ ಮೇಲೆ. ಅದಕ್ಕೆ ಮೊದಲು ಓದು, ಹಾಡು, ಪ್ರಶ್ನೆ, ಚರ್ಚೆ. ಮೇಜಿನ ಮೇಲೆ ಒಂದು ತಟ್ಟೆ. ಉಪ್ಪುನೀರಿನಲ್ಲಿ ಅದ್ದಿ ತಿನ್ನುವ ಹಸಿರು ಸೊಪ್ಪು, ಆ ಉಪ್ಪುನೀರು ಗುಲಾಮರ ಕಣ್ಣೀರು. ಮೂಗಿಗೆ ಹತ್ತುವ ಕಹಿ ಗೆಡ್ಡೆಯ ತುರಿ. ಸೇಬು, ಬೀಜ, ದ್ರಾಕ್ಷಾರಸ ಕಲಸಿದ ಸಿಹಿ ಮುದ್ದೆ, ಇಟ್ಟಿಗೆ ಕಟ್ಟುವ ಗಾರೆಯ ನೆನಪಿಗೆ. ಕುರಿಯ ಮೂಳೆ ಇರುವ ಜಾಗದಲ್ಲಿ ನಮ್ಮ ಸಲುವಾಗಿ ಅವರು ಬೀಟ್‌ರೂಟ್ ಇಟ್ಟಿದ್ದರು. ಸಸ್ಯಾಹಾರಿಗಳಿಗೆ ಹಾಗೆ ಮಾಡುವ ರೂಢಿ ಅವರಲ್ಲೂ ಇದೆಯಂತೆ. ಹುಳಿ ಬರಿಸಲು ಸಮಯವಿಲ್ಲದೆ ಹೊರಟವರ ರೊಟ್ಟಿ, ಮಾತ್ಸಾ, ಮೂರು ಪದರ. ನಡುವಿನದನ್ನು ಮುರಿದು ದೊಡ್ಡ ಚೂರನ್ನು ಬಚ್ಚಿಡುತ್ತಾರೆ. ಮಕ್ಕಳು ಅದನ್ನು ಹುಡುಕಿ ತಂದು ಕೊಟ್ಟರೆ ಉಡುಗೊರೆ. ಅಷ್ಟು ಹೊತ್ತು ಮಕ್ಕಳು ನಿದ್ದೆಗೆ ಜಾರದಿರಲು ಯಾರೋ ಅಜ್ಜ ಅಜ್ಜಿಯರು ಕಂಡುಕೊಂಡ ಉಪಾಯ.

ಇಡೀ ಸಂಜೆ ತೆರೆದುಕೊಳ್ಳುವುದು ಮನೆಯ ಅತಿ ಕಿರಿಯ ಮಗುವಿನ ಬಾಯಿಂದ. ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಹೇಗೆ ಬೇರೆ ಎಂದು ಮಗು ಹಾಡಿ ಕೇಳಬೇಕು. ಕೇಳಿದ ಮೇಲೆಯೇ ದೊಡ್ಡವರಿಗೆ ಕಥೆ ಹೇಳುವ ಹಕ್ಕು. ರಬ್ಬಿಗಳ ಚರ್ಚೆಗಳ ಹಳೆಯ ಗ್ರಂಥ ತಾಲ್ಮುಡ್ ಇದನ್ನು ಎಲ್ಲಿಯವರೆಗೆ ಒಯ್ಯುತ್ತದೆಂದರೆ, ಮಗುವಿಲ್ಲದಿದ್ದರೆ ಹೆಂಡತಿ ಕೇಳಬೇಕು, ಒಂಟಿಯಾಗಿದ್ದರೆ ತನ್ನನ್ನು ತಾನೇ ಕೇಳಿಕೊಳ್ಳಬೇಕು. ಅಂದರೆ ಪ್ರಶ್ನೆಯಿಲ್ಲದೆ ನೆನಪು ನಡೆಯುವಂತಿಲ್ಲ. ಆ ಸಂಜೆ ಓದುವ ಪಠ್ಯದಲ್ಲಿ ನಾಲ್ವರು ಮಕ್ಕಳು ಬರುತ್ತಾರೆ. ಬುದ್ಧಿವಂತ ಮಗ, ತಿರುಗಿಬೀಳುವ ಮಗ, ಸಾದಾ ಮಗ ಮೂವರಿಗೂ ಅವರವರಿಗೆ ತಕ್ಕ ಉತ್ತರವಿದೆ. ನಾಲ್ಕನೆಯವನಿಗೆ ಕೇಳಲಿಕ್ಕೇ ಬರುವುದಿಲ್ಲ. ಅವನಿಗೆ ನೀನೇ ಬಾಯಿ ತೆರೆಸು ಎನ್ನುತ್ತದೆ ಪಠ್ಯ. ಪ್ರತಿ ತಲೆಮಾರಿನವರೂ ತಾನೇ ಐಗುಪ್ತದಿಂದ ಹೊರಬಂದೆನೆಂದು ತಿಳಿಯಬೇಕು ಎಂಬ ಮಾತನ್ನು ಎಲ್ಲರೂ ಓದುತ್ತಾರೆ. ಮುತ್ತಾತಂದಿರಿಗೆ ಆದದ್ದಲ್ಲ, ನನಗೆ ಆದದ್ದು.

ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಮಕ್ಕಳು ವೇದಿಕೆ ಹತ್ತಿ ವಚನ ಹೇಳುತ್ತಾರೆ, ನಾಡಗೀತೆ ಹಾಡುತ್ತಾರೆ, ನಾವು ಫೋಟೋ ತೆಗೆಯುತ್ತೇವೆ. ಅವರಿಗೆ ಪ್ರಶ್ನೆ ಕೇಳುವ ಜಾಗ ಎಲ್ಲಿಟ್ಟಿದ್ದೇವೆ? ಬೇವು ಯಾಕೆ, ಬೆಲ್ಲ ಯಾಕೆ ಎಂದು ಮಗು ಕೇಳುವ ಮೊದಲೇ ನಾವೇ ಹೇಳಿ ಮುಗಿಸುತ್ತೇವೆ.

ನಮ್ಮ ಮಕ್ಕಳು ಹೇಗಿದ್ದರೂ ಈ ವಿಷಯ ಹೊತ್ತು ಮನೆಗೆ ಬರುತ್ತಾರೆ. ನ್ಯೂಜೆರ್ಸಿಯಲ್ಲಿ 1994ರ ಕಾನೂನಿನ ಪ್ರಕಾರ ಸರ್ಕಾರಿ ಶಾಲೆಗಳಲ್ಲಿ ಹತ್ಯಾಕಾಂಡ ಮತ್ತು ಇತರ ನರಮೇಧಗಳ ಪಾಠ ಕಡ್ಡಾಯ. ಹತ್ತು ಹನ್ನೆರಡು ವರ್ಷದ ಹುಡುಗಿ ರಾತ್ರಿ ಊಟದ ಹೊತ್ತಿಗೆ, ಅಕ್ಕಪಕ್ಕದವರು ಯಾಕೆ ಸುಮ್ಮನಿದ್ದರು ಎಂದು ಕೇಳಿದರೆ ಏನು ಹೇಳುವಿರಿ? ಅದು ಬೇರೆಯವರ ಕಥೆ, ಪರೀಕ್ಷೆಗೆ ಓದಿಕೋ ಎನ್ನದಿರಿ. ಈ ಪ್ರಶ್ನೆಗೆ ದೇಶ ಜಾತಿಗಳ ಗಡಿಯಿಲ್ಲ, ನಮ್ಮ ಊರುಕೇರಿಗಳಲ್ಲೂ ಅಕ್ಕಪಕ್ಕದವರು ಸುಮ್ಮನಿದ್ದ ದಿನಗಳಿವೆ.

ನೆನಪು ಮನುಷ್ಯನನ್ನು ಎರಡು ದಾರಿಗೆ ಒಯ್ಯಬಲ್ಲದು. ನಮಗೆ ಇನ್ನೆಂದೂ ಹೀಗಾಗಬಾರದು ಎನ್ನುವುದು ಒಂದು. ಯಾರಿಗೂ ಹೀಗಾಗಬಾರದು ಎನ್ನುವುದು ಇನ್ನೊಂದು. ಎರಡೂ ಯಹೂದಿ ಪಠ್ಯಗಳಲ್ಲೇ ಇವೆ, ಎರಡರ ನಡುವಿನ ಜಗ್ಗಾಟವೂ ಅವರೊಳಗಿನದೇ. ಪೂರಿಮ್ ಹಬ್ಬದ ಹಿಂದಿನ ಶನಿವಾರ, ಐಗುಪ್ತದಿಂದ ಹೊರಟವರ ಮೇಲೆ ದಾಳಿ ಮಾಡಿದ ಅಮಾಲೇಕರು ಮಾಡಿದ್ದನ್ನು ನೆನಪಿಡು ಎಂಬ ಭಾಗವನ್ನು ಓದುತ್ತಾರೆ. ಪೂರಿಮ್ ಮಕ್ಕಳ ಹಬ್ಬ. ವೇಷ, ಸಿಹಿ, ಬಡವರಿಗೆ ದಾನ, ಯಹೂದಿಗಳನ್ನು ಉಳಿಸಿದ ರಾಣಿ ಎಸ್ತೇರಳ ಕಥೆಯಲ್ಲಿ ದುಷ್ಟ ಹಾಮಾನನ ಹೆಸರು ಬಂದಾಗಲೆಲ್ಲ ಗದ್ದಲ. ಅದೇ ಪೂರಿಮ್ ದಿನ, 1994ರ ಫೆಬ್ರವರಿ 25ರಂದು, ಒಬ್ಬ ಯಹೂದಿ ತೀವ್ರವಾದಿ ಹೆಬ್ರೋನಿನಲ್ಲಿ ರಂಜಾನ್ ನಮಾಜಿಗೆ ಬಾಗಿದ್ದ 29 ಮಂದಿಯನ್ನು ಗುಂಡಿಟ್ಟು ಕೊಂದ. ಹಳೆಯ ಶತ್ರುವಿನ ನೆನಪನ್ನು ಇಂದಿನ ನೆರೆಯವನ ಮುಖಕ್ಕೆ ಅಂಟಿಸಿದರೆ ಆಗುವುದು ಇದು.

ಸೆಡೆರ್ ಮೇಜಿನಲ್ಲಿ ಇದಕ್ಕೆ ತೀರ ವಿರುದ್ಧವಾದ ಒಂದು ಕ್ರಮವಿದೆ. ಐಗುಪ್ತದವರಿಗೆ ಬಂದ ಹತ್ತು ಪೀಡೆಗಳ ಹೆಸರು ಹೇಳುವಾಗ, ಒಂದೊಂದು ಹೆಸರಿಗೆ ತಮ್ಮ ಬಟ್ಟಲಿನಿಂದ ಒಂದೊಂದು ಹನಿ ದ್ರಾಕ್ಷಾರಸವನ್ನು ಬೆರಳಿನಿಂದ ತೆಗೆದು ತಟ್ಟೆಗೆ ಹಾಕುತ್ತಾರೆ. ಶತ್ರುವೇ ಆದರೂ ನೋವುಂಡವನಿದ್ದಾನೆ, ಆದ್ದರಿಂದ ನಮ್ಮ ಬಟ್ಟಲು ತುಂಬಿರಬಾರದು ಎಂದು ನಮಗೆ ಆ ಮನೆಯ ಅಜ್ಜಿ ವಿವರಿಸಿದರು. ಐಗುಪ್ತದ ಸೈನಿಕರು ಸಮುದ್ರದಲ್ಲಿ ಮುಳುಗುವಾಗ ದೇವದೂತರು ಹಾಡಲು ಹೊರಟರಂತೆ. ನನ್ನ ಕೈಯಿಂದಾದ ಜೀವಗಳು ಮುಳುಗುತ್ತಿವೆ, ನೀವು ಹಾಡುತ್ತೀರಾ ಎಂದು ದೇವರು ಗದರಿದನೆಂದು ತಾಲ್ಮುಡ್ ಹೇಳುತ್ತದೆ. ಪರದೇಶಿಯನ್ನು ಪೀಡಿಸಬೇಡಿ, ಅವನ ಮನಸ್ಸು ನಿಮಗೆ ಗೊತ್ತು, ಐಗುಪ್ತದಲ್ಲಿ ನೀವೂ ಪರದೇಶಿಗಳಾಗಿದ್ದಿರಿ ಎಂಬ ಆಜ್ಞೆ ಯಹೂದಿಗಳ ಮೂಲ ಧರ್ಮಗ್ರಂಥ ತೋರಾದಲ್ಲಿ ಮೂವತ್ತಾರು ಸಲ ಬರುತ್ತದೆಂದು ಹಿಂದಿನ ರಬ್ಬಿಗಳು ಎಣಿಸಿದ್ದಾರೆ. ನೆನಪಿನ ಫಲ ಇಲ್ಲಿ ಕರುಣೆ. ನಾನು ಈ ಎರಡನೆಯ ದಾರಿಯ ಪರ ನಿಲ್ಲುತ್ತೇನೆ, ಮುಚ್ಚುಮರೆಯಿಲ್ಲದೆ.

2023ರ ಅಕ್ಟೋಬರ್ 7 ಸಿಮ್ಖಾತ್ ತೋರಾ ಹಬ್ಬದ ದಿನ. ತೋರಾ ಸುರುಳಿಗಳನ್ನು ಎತ್ತಿಕೊಂಡು ಕುಣಿಯುವ ದಿನ ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, 251 ಮಂದಿ ಒತ್ತೆಯಾಳುಗಳಾದರು. ಆ ಹಬ್ಬ ಈಗ ಎಷ್ಟೋ ಮನೆಗಳಿಗೆ ತಿಥಿಯೂ ಹೌದು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು. ಮಕ್ಕಳ ಸಂಖ್ಯೆಯೇ ಎದೆ ನಡುಗಿಸುವಂಥದ್ದು. ಅವರಲ್ಲೂ ಕುಸಿದ ಕಟ್ಟಡದಡಿ ಉಳಿದವರಿಗೆ ಸತ್ತ ದಿನ ಗೊತ್ತಿಲ್ಲ. ಪ್ಯಾಲೆಸ್ತೀನಿಯರು ಮೇ 15ರಂದು ನಕ್ಬಾ ದಿನ ಆಚರಿಸುತ್ತಾರೆ. ಇಸ್ರೇಲ್ ಹುಟ್ಟಿದ 1948ರಲ್ಲಿ ಸುಮಾರು 7 ಲಕ್ಷ ಜನ ಮನೆಮಠ ಬಿಟ್ಟುಹೋದ ನೆನಪು ಅದು, ಎಷ್ಟೋ ಮನೆಗಳಲ್ಲಿ ಹಳೆಯ ಬಾಗಿಲಿನ ಕೀಲಿಕೈ ಇನ್ನೂ ಇದೆ. ಒಂದೇ ನೆಲದ ಮೇಲೆ ಒಬ್ಬರ ಹಬ್ಬದ ದಿನ ಇನ್ನೊಬ್ಬರಿಗೆ ಶೋಕದ ದಿನ.

ಇದರ ನಡುವೆಯೂ 2006ರಿಂದ ಇಸ್ರೇಲಿನ ಯೋಧರ ಸ್ಮರಣೆಯ ದಿನದ ಹಿಂದಿನ ಸಂಜೆ ಒಂದು ಜಂಟಿ ಸಭೆ ನಡೆಯುತ್ತ ಬಂದಿದೆ. ಮಕ್ಕಳನ್ನು, ಒಡಹುಟ್ಟಿದವರನ್ನು ಕಳೆದುಕೊಂಡ ಇಸ್ರೇಲಿಗಳು, ಪ್ಯಾಲೆಸ್ತೀನಿಯರು ಒಂದೇ ವೇದಿಕೆಯಲ್ಲಿ ಮಾತಾಡುತ್ತಾರೆ. ದ್ರೋಹವೆಂದು ಎರಡೂ ಕಡೆಯವರು ಬೈಯುತ್ತಾರೆ, ಹೊರಗೆ ಪ್ರತಿಭಟನೆ ಇರುತ್ತದೆ. ನಮ್ಮ ಸದಸ್ಯರಲ್ಲಿ ಈ ಯುದ್ಧದ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ, ವಾಟ್ಸಾಪ್ ಗುಂಪಿನಲ್ಲಿ ಅದು ಎಷ್ಟು ಬಿಸಿಯಾಯಿತೆಂದು ನಿಮಗೆಲ್ಲ ಗೊತ್ತು. ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ. ಸಿನಗಾಗ್ ಬಾಗಿಲಲ್ಲಿ ಕಾವಲಿನವನಿಲ್ಲದೆ ಮಕ್ಕಳು ಒಳಗೆ ಹೋಗಲಾಗದ ದೇಶದಲ್ಲಿ ನಾವಿದ್ದೇವೆ. 2018ರ ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಶನಿವಾರದ ಪ್ರಾರ್ಥನೆಗೆ ಬಂದಿದ್ದ 11 ಮಂದಿಯನ್ನು ಕೊಂದವನಿಗೆ ಯಾವ ದೇಶದ ರಾಜಕೀಯವೂ ಬೇಕಿರಲಿಲ್ಲ, ಅವರು ಯಹೂದಿಗಳಾಗಿದ್ದದ್ದೇ ಸಾಕಾಗಿತ್ತು. ಮಸೀದಿಗಳಿಗೂ ಗುರುದ್ವಾರಗಳಿಗೂ ಇದೇ ಭಯ ಬಂದಿದೆ. ಈ ಭಯದ ವಿಷಯದಲ್ಲಿ ನಮ್ಮ ಗುಂಪಿನಲ್ಲಿ ಎರಡು ಪಕ್ಷ ಆಗದಿರಲಿ.

ನೆನಪನ್ನು ಉಳಿಸಲು ಜನ ಪಟ್ಟ ಪಾಡಿಗೆ ವಾರ್ಸಾದ್ದೇ ಇನ್ನೊಂದು ಉದಾಹರಣೆ. ಇಮ್ಯಾನ್ಯುಯೆಲ್ ರಿಂಗಲ್‌ಬ್ಲೂಮ್ ಎಂಬ ಇತಿಹಾಸಕಾರ ಘೆಟ್ಟೋದೊಳಗೆ ಗುಟ್ಟಾಗಿ ಒಂದು ತಂಡ ಕಟ್ಟಿದ. ಶನಿವಾರ ಶನಿವಾರ ಸೇರುತ್ತಿದ್ದರು. ದಿನಚರಿ, ಪಡಿತರ ಚೀಟಿ, ಮಕ್ಕಳ ಶಾಲೆಯ ಪ್ರಬಂಧ, ಮಿಠಾಯಿ ಸುತ್ತಿದ ಕಾಗದ, ಏನನ್ನೂ ಬಿಡಲಿಲ್ಲ. ತಗಡಿನ ಪೆಟ್ಟಿಗೆಗಳಲ್ಲಿ, ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಲ್ಲಿ ಹೂತರು. ಪೆಟ್ಟಿಗೆಗಳು 1946ರಲ್ಲಿ, ಕ್ಯಾನುಗಳು 1950ರಲ್ಲಿ ಸಿಕ್ಕವು, ಸುಮಾರು 35,000 ಪುಟ. ಮೂರನೆಯ ಭಾಗ ಇನ್ನೂ ಸಿಕ್ಕಿಲ್ಲ. 1944ರ ಮಾರ್ಚ್‌ನಲ್ಲಿ ಅವನನ್ನೂ ಹೆಂಡತಿ ಮಗನನ್ನೂ ಕೊಂದರು. ತಮ್ಮನ್ನು ಕೊಂದವರ ಕಡತಗಳು ತಮ್ಮ ಕಥೆಯನ್ನು ಬರೆಯಬಾರದು, ತಾವೇ ಬರೆಯಬೇಕೆಂಬ ಹಟ ಅವರದು.

ಕಾಗದ ಕಾಪಾಡುವ ಈ ಗುಣದಿಂದ ನಮ್ಮ ನಾಡಿಗೂ ಒಂದು ಉಪಕಾರವಾಗಿದೆ. ದೇವರ ಹೆಸರಿರಬಹುದಾದ ಯಾವ ಬರಹವನ್ನೂ ಯಹೂದಿಗಳು ಸುಡುವುದಿಲ್ಲ, ಹರಿದೆಸೆಯುವುದಿಲ್ಲ, ಸಿನಗಾಗಿನ ಒಂದು ಕೋಣೆಯಲ್ಲಿ ಹಾಕಿಡುತ್ತಾರೆ. ಕೈರೋದ ಹಳೆಯ ಸಿನಗಾಗಿನ ಅಂಥ ಕೋಣೆಯಲ್ಲಿ ಸಿಕ್ಕ ಲಕ್ಷಾಂತರ ಚೂರುಗಳ ನಡುವೆ, ಹನ್ನೆರಡನೆಯ ಶತಮಾನದ ಮಂಗಳೂರಿನಲ್ಲಿ ಬದುಕಿದ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಪತ್ರಗಳೂ ಇದ್ದವು. ಟ್ಯುನೀಶಿಯಾದವನು, ಮಂಗಳೂರಿನಲ್ಲಿ ಹಿತ್ತಾಳೆ ಕೆಲಸದ ಕಾರ್ಖಾನೆ ಇಟ್ಟಿದ್ದ, ಅಡಿಕೆ, ಮೆಣಸು, ಕಬ್ಬಿಣ ಯೆಮನ್ ದೇಶದ ಏಡನ್ನಿಗೆ ಕಳಿಸುತ್ತಿದ್ದ. ಆಶು ಎಂಬ ಅಲ್ಲಿನ ಹೆಣ್ಣಿಗೆ 1132ರ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲೇ ದಾಸ್ಯದಿಂದ ಬಿಡುಗಡೆಯ ಪತ್ರ ಬರೆದುಕೊಟ್ಟ, ಅವಳಿಂದ ಮಕ್ಕಳನ್ನು ಪಡೆದ. ಅವನ ಕೈಕೆಳಗೆ ಬೊಮ್ಮ ಎಂಬುವನಿದ್ದ. ಏಡನ್ನಿನ ವ್ಯಾಪಾರಿಗಳು ತಮ್ಮ ಪತ್ರಗಳಲ್ಲಿ ಅವನಿಗೂ ನಮಸ್ಕಾರ ಹೇಳುತ್ತಾರೆ. ಅತ್ತ ಕಲ್ಯಾಣದಲ್ಲಿ ವಚನಗಳು ಹುಟ್ಟುತ್ತಿದ್ದ ಶತಮಾನದಲ್ಲಿ ಕರಾವಳಿಯ ಒಬ್ಬ ಸಾಮಾನ್ಯ ಆಳಿನ ಹೆಸರು ಉಳಿದದ್ದು ಕೈರೋದ ಒಂದು ಕತ್ತಲೆ ಕೋಣೆಯಿಂದ.

ಕೊಂಕಣ ತೀರದ ಬೆನೆ ಇಸ್ರೇಲ್ ಎಂಬ ಯಹೂದಿ ಜನರದು ಇನ್ನೊಂದು ಬಗೆ. ಶತಮಾನಗಳ ಕಾಲ ಅವರಿಗೆ ಗ್ರಂಥವಿರಲಿಲ್ಲ, ಗುರುಗಳಿರಲಿಲ್ಲ. ಒಂದು ಪ್ರಾರ್ಥನೆಯ ಸಾಲು, ಕೆಲವು ಉಪವಾಸಗಳು, ಶನಿವಾರ ಗಾಣ ನಿಲ್ಲಿಸುವ ನೇಮ, ಇಷ್ಟೇ ಉಳಿದಿದ್ದವು. ಊರವರು ಅವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಎಂದರು. ಇಂದು ಅವರಲ್ಲಿ ಬಹುಪಾಲು ಜನ ಇಸ್ರೇಲಿನಲ್ಲಿದ್ದಾರೆ. ಅಲ್ಲಿಯೂ ಶುಭಕಾರ್ಯಕ್ಕೆ ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಿಹಿ, ಹಣ್ಣು ಬೆರೆಸಿ ಪ್ರವಾದಿ ಎಲಿಯನ ಹೆಸರಿನಲ್ಲಿ ಮಲಿದಾ ಮಾಡುತ್ತಾರೆ.

ಇಸ್ರೇಲಿನಲ್ಲಿ 2011ರಿಂದ ಒಂದು ಒಳ್ಳೆಯ ಪದ್ಧತಿ ಬೆಳೆದಿದೆ. ಹತ್ಯಾಕಾಂಡದ ಸ್ಮರಣೆಯ ದಿನದ ಹಿಂದಿನ ಸಂಜೆ ಸರ್ಕಾರಿ ಸಮಾರಂಭದ ಬದಲು ಜನ ಯಾರದೋ ಮನೆಯ ಹಜಾರದಲ್ಲಿ ಸೇರುತ್ತಾರೆ, ಬದುಕಿ ಉಳಿದವರೊಬ್ಬರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ, ಪ್ರಶ್ನೆ ಹಾಕುತ್ತಾರೆ. ಎರಡು ನಿಮಿಷದ ಸೈರನ್ನಿಗೆ ಸಿಗದ್ದು ಅಲ್ಲಿ ಸಿಗುತ್ತದೆ. 1945ರಲ್ಲಿ ಐದು ವರ್ಷದವರಾಗಿದ್ದವರಿಗೂ ಈಗ ಎಂಬತ್ತು ದಾಟಿದೆ, ಹೇಳುವವರು ಬೇಗ ಕಡಿಮೆಯಾಗುತ್ತಿದ್ದಾರೆ. ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ ಸತ್ತ ಒಬ್ಬೊಬ್ಬರಿಗೂ ಒಂದೊಂದು ಸಾಕ್ಷ್ಯದ ಹಾಳೆ ತುಂಬಿಸಿಕೊಳ್ಳುತ್ತ ಬಂದಿದೆ. ಹೆಸರು, ತಂದೆತಾಯಿ, ಹುಟ್ಟಿದೂರು, ಕಸುಬು, ಸತ್ತ ಜಾಗ, ಇದ್ದರೆ ಒಂದು ಫೋಟೋ, ಕೊನೆಗೆ ಬರೆದವರ ಸಹಿ. ದಶಕಗಳಿಂದ ನಡೆದ ಈ ಕೆಲಸದಿಂದಲೂ ಇತರ ದಾಖಲೆಗಳಿಂದಲೂ ಸುಮಾರು 50 ಲಕ್ಷ ಹೆಸರುಗಳು ಸೇರಿವೆ.

ಆ ದುರಂತದೊಂದಿಗೆ ನಮ್ಮ ಯಾವ ನೋವನ್ನೂ ತೂಗುವುದು ಸರಿಯಲ್ಲ, ತೂಗುವುದೂ ಇಲ್ಲ. ಆದರೆ ಹಾಳೆಯ ಕ್ರಮವನ್ನು ಕಲಿಯಬಹುದು. 1960-70ರ ದಶಕಗಳಲ್ಲಿ ಇಲ್ಲಿಗೆ ಬಂದು ಈ ಸಂಘ ಕಟ್ಟಿದ ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. 2020-21ರಲ್ಲಿ ನಮ್ಮಲ್ಲಿ ಎಷ್ಟೋ ಜನ ಊರಿನಲ್ಲಿ ತೀರಿಕೊಂಡ ಅಪ್ಪ ಅಮ್ಮನ ಅಂತ್ಯಕ್ರಿಯೆಯನ್ನು ಫೋನಿನ ಪರದೆಯಲ್ಲಿ ನೋಡಿದೆವು. ಅವರ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಒಂದು ಸಾಲಿನ ಶ್ರದ್ಧಾಂಜಲಿಗಿಂತ ಹೆಚ್ಚು ಬರಲಿಲ್ಲ.

ಮುಂದಿನ ಸಂಚಿಕೆಯಿಂದ ಒಬ್ಬರಿಗೆ ಒಂದು ಪುಟ ಮೀಸಲಿಡುತ್ತೇವೆ. ಬದುಕಿರುವ ಹಿರಿಯರದ್ದಾಗಲಿ, ಹೋದವರದ್ದಾಗಲಿ. ಬರೆಯುವವರು ಮನೆಯ ಮಕ್ಕಳಾಗಿರಲಿ, ಹದಿನೆಂಟರ ಒಳಗಿನವರು. ಅವರೇ ಕೇಳಲಿ, ಅವರೇ ಬರೆಯಲಿ, ಕನ್ನಡ ಬರದಿದ್ದರೆ ಅಜ್ಜಿಯ ಮಾತನ್ನು ರೆಕಾರ್ಡ್ ಮಾಡಿ ಕಳಿಸಲಿ, ನಮ್ಮ ತಂಡ ಬರೆದುಕೊಡುತ್ತದೆ. ಹೆಸರು, ಹುಟ್ಟಿದೂರು, ಹೆತ್ತವರು, ಕಸುಬು, ಇಲ್ಲಿಗೆ ಬಂದ ವರ್ಷ, ಬರುವಾಗ ಪೆಟ್ಟಿಗೆಯಲ್ಲಿ ಏನಿತ್ತು ಎಂಬುದು, ಮತ್ತು ಮಗು ಕೇಳಿದ ಪ್ರಶ್ನೆಗಳಲ್ಲಿ ಉತ್ತರ ಸಿಗದ ಒಂದು ಪ್ರಶ್ನೆ. ಬರಹ ಮೇ ತಿಂಗಳ ಕೊನೆಯೊಳಗೆ ನಮ್ಮ ಕೈ ಸೇರಲಿ.

— ಸಂಪಾದಕರು